ಅಮ್ಮನ ಮರೆವಿಗೆ ಸಿಯಾಟಲ್‌ನಲ್ಲಿ ಯಾರನ್ನು ಕೇಳುವುದು?

ಸಿಯಾಟಲ್ ಸುತ್ತಮುತ್ತಲ ಕನ್ನಡ ಮನೆಗಳಲ್ಲಿ ಈಗ ಮೂರು ತಲೆಮಾರು ಒಟ್ಟಿಗಿರುವುದು ಅಪರೂಪವಲ್ಲ. ಬಾತೆಲ್, ರೆಡ್ಮಂಡ್, ಸಮಾಮಿಶ್, ಇಸ್ಸಾಕ್ವಾಗಳಲ್ಲಿ ಮನೆ ಮಾಡಿದ ಮಕ್ಕಳು ಮೊದಲು ಅಪ್ಪ-ಅಮ್ಮನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಾರೆ. ಬಾಣಂತನಕ್ಕೆಂದು ಬಂದವರು ಮೊಮ್ಮಕ್ಕಳು ಶಾಲೆ ಸೇರುವವರೆಗೂ ಹೋಗಿ ಬಂದು ಮಾಡುತ್ತಾರೆ. ಕೊನೆಗೆ ಗ್ರೀನ್ ಕಾರ್ಡ್ ಆಗಿ ಇಲ್ಲೇ ನಿಲ್ಲುತ್ತಾರೆ. ಅವರಲ್ಲಿ ಕೆಲವರಿಗೆ ಎಪ್ಪತ್ತು ದಾಟುತ್ತಿದ್ದಂತೆ ಒಲೆ ಆರಿಸುವುದು ಮರೆಯುತ್ತದೆ. ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ‘ಅರವತ್ತಕ್ಕೆ ಅರಳುಮರಳು’ ಎಂದು ಸಮಾಧಾನ ಹೇಳಿಕೊಂಡು ಮನೆಯವರು ಒಂದೆರಡು ವರ್ಷ ತಳ್ಳಿಬಿಡುತ್ತಾರೆ.

ತಳ್ಳಿಬಿಡುವ ಆ ಒಂದೆರಡು ವರ್ಷವೇ ಬೆಲೆಯುಳ್ಳದ್ದು. ವಾಷಿಂಗ್ಟನ್ ರಾಜ್ಯದಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಸರ್ಕಾರದ ನೆರವು ಸಾಕಷ್ಟಿದೆ. ಅದರಲ್ಲಿ ಕೆಲವಕ್ಕೆ ಹಿರಿಯರ ಸಹಿ ಬೇಕು, ಕೆಲವಕ್ಕೆ ಇಲ್ಲಿ ಐದು ವರ್ಷ ನೆಲೆಸಿದ ದಾಖಲೆ ಬೇಕು, ಕೆಲವಕ್ಕೆ ಪೌರತ್ವವಿದ್ದರೆ ದಾರಿ ಸಲೀಸು. ದುಡ್ಡಿನ ಲೆಕ್ಕವನ್ನು ಆಮೇಲೂ ಹಾಕಬಹುದು. ಅರ್ಥ ಮಾಡಿಕೊಂಡು ಸಹಿ ಹಾಕುವ ಶಕ್ತಿ ಒಮ್ಮೆ ಹೋದರೆ ಯಾವ ಕಚೇರಿಯೂ ಅದನ್ನು ಮರಳಿ ಕೊಡಲಾರದು. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ಫೋನ್ ಕರೆ

ಕಿಂಗ್ ಕೌಂಟಿಯಲ್ಲಿ ಇರುವವರು ನೆನಪಿಡಬೇಕಾದ ಸಂಖ್ಯೆ 1-844-348-5464. ಇದು ಕಮ್ಯುನಿಟಿ ಲಿವಿಂಗ್ ಕನೆಕ್ಷನ್ಸ್ ಎಂಬ ಸೇವೆಯದು. ಇದರ ಹಿಂದಿರುವುದು ಸಿಯಾಟಲ್ ನಗರದ ಮಾನವ ಸೇವಾ ಇಲಾಖೆಯೊಳಗಿನ ಏಜಿಂಗ್ ಅಂಡ್ ಡಿಸೆಬಿಲಿಟಿ ಸರ್ವೀಸಸ್ ವಿಭಾಗ. ಹೆಸರಿಗೆ ಸಿಯಾಟಲ್ ಆದರೂ ಹೊಣೆ ಇಡೀ ಕಿಂಗ್ ಕೌಂಟಿಯದು, ಬೆಲ್‌ವ್ಯೂ, ರೆಡ್ಮಂಡ್, ಕೆಂಟ್ ಎಲ್ಲ ಸೇರಿ. ಕರೆ ಉಚಿತ. ಬಡವರಿಗೆ ಮಾತ್ರ ಎಂಬ ಕಟ್ಟುಪಾಡಿಲ್ಲ, ಸಂಬಳ ಎಷ್ಟಿದ್ದರೂ ಮಾಹಿತಿ ಕೇಳಬಹುದು. ಬಾತೆಲ್‌ನವರು ಮಾತ್ರ ಒಂದು ವಿಷಯ ನೋಡಿಕೊಳ್ಳಬೇಕು: ಆ ಊರು ಅರ್ಧ ಕಿಂಗ್ ಕೌಂಟಿಯಲ್ಲಿ, ಅರ್ಧ ಸ್ನೊಹೋಮಿಶ್ ಕೌಂಟಿಯಲ್ಲಿದೆ. ಮನೆ ಯಾವ ಕೌಂಟಿಗೆ ಸೇರಿದೆಯೋ ಆ ಕೌಂಟಿಯ ಹಿರಿಯರ ಸೇವಾ ಸಂಸ್ಥೆಗೆ ಹೋಗಬೇಕಾಗುತ್ತದೆ. ಗೊತ್ತಾಗದಿದ್ದರೆ ರಾಜ್ಯದ ಸಂಖ್ಯೆ 1-855-567-0252ಕ್ಕೆ ಮಾಡಿದರೆ ಸರಿಯಾದ ಕಡೆಗೆ ಕಳಿಸುತ್ತಾರೆ.

ಮನೆಯ ಹಿರಿಯರೇ ಮಾತಾಡಬೇಕಾಗಿ ಬಂದರೆ ‘ಕನ್ನಡ ದುಭಾಷಿ ಬೇಕು’ ಎಂದು ಮೊದಲೇ ಹೇಳಿ. ಫೋನಿನಲ್ಲೇ ಮೂರನೆಯವರಾಗಿ ದುಭಾಷಿಯನ್ನು ಸೇರಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ಹಿಂದಿ ಆಗಬಹುದಾ ಎಂದು ಕೇಳಿದರೆ ಅಮ್ಮನಿಗೆ ಹಿಂದಿ ಬಾರದಿದ್ದಲ್ಲಿ ಆಗುವುದಿಲ್ಲ ಅನ್ನಿ, ಸಂಕೋಚ ಬೇಡ.

ಕರೆ ಮಾಡುವಾಗ ನಮ್ಮವರು ಸಾಮಾನ್ಯವಾಗಿ ಅತ್ತೆಯದೋ ಮಾವನದೋ ಕಷ್ಟ ಹೇಳುತ್ತಾರೆ, ತಮ್ಮದನ್ನು ಹೇಳುವುದಿಲ್ಲ. ಅದನ್ನೂ ಹೇಳಬೇಕು. ರಾತ್ರಿ ಎಷ್ಟು ಸಲ ಏಳುತ್ತೀರಿ, ಕೆಲಸ ಬಿಟ್ಟಿದ್ದೀರಾ, ನಿಮ್ಮ ಬೆನ್ನು ನೋವು ಹೇಗಿದೆ, ಮಕ್ಕಳ ಜೊತೆ ಕೂರಲು ಹೊತ್ತು ಸಿಗುತ್ತದೆಯೇ? ಇದೆಲ್ಲ ಮುಖ್ಯ, ಯಾಕೆಂದರೆ ರಾಜ್ಯದ ಫ್ಯಾಮಿಲಿ ಕೇರ್‌ಗಿವರ್ ಸಪೋರ್ಟ್ ಪ್ರೋಗ್ರಾಂ ಇರುವುದೇ ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರಿಗಾಗಿ. ಟಿ-ಕೇರ್ ಎಂಬ ಪ್ರಶ್ನಾವಳಿಯಿಂದ ಆರೈಕೆ ಮಾಡುವವರ ದಣಿವು, ಒತ್ತಡ, ಮನಸ್ಸಿನ ಸ್ಥಿತಿಯನ್ನು ಅಳೆದು, ಅದಕ್ಕೆ ತಕ್ಕ ನೆರವನ್ನು ಜೋಡಿಸುತ್ತಾರೆ. ಕೆಲವು ಗಂಟೆ ಬೇರೆಯವರು ಬಂದು ಹಿರಿಯರ ಜೊತೆ ಇರುವ ವ್ಯವಸ್ಥೆ, ಹಗಲು ಆರೈಕೆ ಕೇಂದ್ರ, ಆಪ್ತಸಲಹೆ, ತರಬೇತಿ, ಬಚ್ಚಲಲ್ಲಿ ಹಿಡಿದುಕೊಳ್ಳುವ ಹಿಡಿಕೆಯಂಥ ಸಾಮಾನು, ಹೀಗೆ. ಕೈಗೆ ಹಣ ಕೊಡುವ ಯೋಜನೆ ಇದಲ್ಲ.

ನಮ್ಮ ಮನೆಗಳಲ್ಲಿ ಈ ಭಾರ ಹೊರುವವಳು ಹೆಚ್ಚಾಗಿ ಸೊಸೆ. ಎಚ್-4 ವೀಸಾದಲ್ಲಿ ಬಂದು ಕೆಲಸದ ಪರವಾನಗಿ ಇಲ್ಲದೆ ಮನೆಯಲ್ಲಿರುವವಳಾದರೆ ಹಗಲಿನ ಹೊಣೆ ಪೂರ್ತಿ ಅವಳದೇ. ‘ಮನೇಲೇ ಇರ್ತಾಳಲ್ಲ’ ಅನ್ನುವ ಮಾತು ಎಷ್ಟೋ ಹೆಣ್ಣುಮಕ್ಕಳ ಆರೋಗ್ಯವನ್ನು ಹಾಳುಮಾಡಿದೆ. ಮಗ ಬೇಕಾದರೆ ಅರ್ಜಿ ತುಂಬಲಿ, ಪ್ರಶ್ನಾವಳಿಗೆ ಉತ್ತರ ಹೇಳಬೇಕಾದವಳು ಸೊಸೆ. ಇದನ್ನು ಗಂಡಂದಿರು ಓದಿಕೊಳ್ಳಲಿ ಎಂದೇ ಬರೆಯುತ್ತಿದ್ದೇನೆ.

ರೋಗ ಯಾವುದೆಂದು ತಿಳಿಯುವುದು

ಮರೆವೆಲ್ಲ ಆಲ್ಝೈಮರ್ಸ್ ಅಲ್ಲ. ಥೈರಾಯ್ಡ್ ಏರುಪೇರು, ಖಿನ್ನತೆ, ಕಿವಿ ಕೇಳಿಸದಿರುವುದು, ನಿದ್ದೆ ಮಾತ್ರೆ, ಇವೂ ಹಾಗೇ ಕಾಣಿಸಬಹುದು. ಸಸ್ಯಾಹಾರಿ ಹಿರಿಯರಲ್ಲಿ ಬಿ12 ಕೊರತೆಯನ್ನಂತೂ ಮರೆಯದೆ ಪರೀಕ್ಷಿಸಬೇಕು. ಮನೆ ವೈದ್ಯರು ರಕ್ತಪರೀಕ್ಷೆ ಮಾಡಿ, ಬೇಕೆನಿಸಿದರೆ ತಜ್ಞರ ಬಳಿ ಕಳಿಸುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೆಮೊರಿ ಅಂಡ್ ಬ್ರೇನ್ ವೆಲ್‌ನೆಸ್ ಸೆಂಟರ್ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿದೆ.

ಪರೀಕ್ಷೆಯ ಭಾಷೆಯ ಬಗ್ಗೆ ಗಟ್ಟಿಯಾಗಿ ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿ ಒದಗಿಸಬೇಕೆಂಬುದು ಇಲ್ಲಿನ ಕಾನೂನು. ಮೊಮ್ಮಗಳನ್ನು ಕೂರಿಸಿಕೊಂಡು ಅಜ್ಜಿಯ ನೆನಪಿನ ಪರೀಕ್ಷೆ ಮಾಡಿಸುವುದು ಸರಿಯಲ್ಲ. ಮಗು ಅಜ್ಜಿಯ ತಪ್ಪನ್ನು ತಿದ್ದಿಬಿಡುತ್ತದೆ, ಅಜ್ಜಿಗೆ ಅವಮಾನವಾಗುತ್ತದೆ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದವರೂ ಈ ಕಾಯಿಲೆಯಲ್ಲಿ ಕ್ರಮೇಣ ಕನ್ನಡಕ್ಕೆ ಮರಳುವುದುಂಟು. ಕನ್ನಡದ ಪರೀಕ್ಷೆಗಳು ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾ ಗುಚ್ಛದಲ್ಲಿ ಕನ್ನಡವೂ ಒಂದು, ಮೋಕಾ ಎಂಬ ನೆನಪು-ಬುದ್ಧಿಯ ಪರೀಕ್ಷೆಗೂ ಕನ್ನಡ ರೂಪವಿದೆ. ವೈದ್ಯರಿಗೆ ಇದು ಗೊತ್ತಿಲ್ಲದಿದ್ದರೆ ನೀವೇ ತಿಳಿಸಿ.

ರೋಗನಿರ್ಣಯದ ಕಾಗದ ಕೈಗೆ ಬಂದ ಮೇಲೆ ರಾಜ್ಯದ ‘ಡಿಮೆನ್ಷಿಯಾ ರೋಡ್ ಮ್ಯಾಪ್’ ಎಂಬ ಕೈಪಿಡಿಯನ್ನು ಇಳಿಸಿಕೊಂಡು ಓದಿ. 2016ರಲ್ಲಿ ರಾಜ್ಯ ತನ್ನ ಆಲ್ಝೈಮರ್ಸ್ ಯೋಜನೆ ಪ್ರಕಟಿಸಿದ ಮೇಲೆ ಹುಟ್ಟಿದ ಡಿಮೆನ್ಷಿಯಾ ಆ್ಯಕ್ಷನ್ ಕೊಲಾಬರೇಟಿವ್ ಸಿದ್ಧಪಡಿಸಿದ ಪುಸ್ತಕ ಅದು. ಯಾವ ಹಂತದಲ್ಲಿ ಏನು ಎದುರಾಗುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಸರಳವಾಗಿ ಹೇಳುತ್ತದೆ.

ಸಹಿ

ಇನ್ನು ತಡಮಾಡಲೇಬಾರದ ಕೆಲಸ. ವಾಷಿಂಗ್ಟನ್‌ನಲ್ಲಿ ಹಣಕಾಸಿಗೊಂದು, ಆರೋಗ್ಯಕ್ಕೊಂದು ಪವರ್ ಆಫ್ ಅಟಾರ್ನಿ ಮಾಡಿಸಿಡಬೇಕು. ‘ಡ್ಯೂರಬಲ್’ ಎಂದು ಬರೆಸಿದರೆ ಮುಂದೆ ಅವರ ಬುದ್ಧಿಶಕ್ತಿ ಕುಂದಿದ ಮೇಲೂ ಅದು ನಡೆಯುತ್ತದೆ. ನೋಟರಿಯ ಎದುರು, ಇಲ್ಲವೇ ಇಬ್ಬರು ಅರ್ಹ ಸಾಕ್ಷಿಗಳ ಎದುರು ಸಹಿಯಾಗಬೇಕು. ರೋಗನಿರ್ಣಯವಾದ ಮಾತ್ರಕ್ಕೆ ಸಹಿ ಹಾಕುವ ಹಕ್ಕು ಹೋಗುವುದಿಲ್ಲ. ತಾನು ಯಾರಿಗೆ ಯಾವ ಅಧಿಕಾರ ಕೊಡುತ್ತಿದ್ದೇನೆಂದು ಅವರಿಗೆ ಅರ್ಥವಾಗುತ್ತಿದ್ದರೆ ಸಾಕು. ಬೆಳಗ್ಗೆ ಹೊತ್ತು ಮನಸ್ಸು ತಿಳಿಯಾಗಿರುತ್ತದೆ ಎಂದಾದರೆ ಬೆಳಗ್ಗೆಯೇ ಸಮಯ ಗೊತ್ತುಮಾಡಿ. ವಕೀಲರ ಖರ್ಚು ಕಷ್ಟವೆನಿಸಿದರೆ ರಾಜ್ಯದಲ್ಲಿ ಡಿಮೆನ್ಷಿಯಾ ಇರುವವರಿಗಾಗಿಯೇ ಸ್ವಯಂಸೇವಕ ವಕೀಲರು ಈ ಪತ್ರಗಳನ್ನು ಉಚಿತವಾಗಿ ಮಾಡಿಕೊಡುವ ಏರ್ಪಾಡಿದೆ, ಕೌಂಟಿಯ ಸಂಖ್ಯೆಗೆ ಕರೆ ಮಾಡಿದಾಗಲೇ ಅದನ್ನೂ ಕೇಳಿ.

ಪತ್ರ ಮಾಡಿಸದೇ ಇದ್ದರೆ? ಚಿಕಿತ್ಸೆಗೆ ಒಪ್ಪಿಗೆ ಕೊಡುವ ಸರದಿಯನ್ನು ಕಾನೂನೇ ಹೇಳುತ್ತದೆ. ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ವಯಸ್ಸಿಗೆ ಬಂದ ಮಕ್ಕಳು. ಒಬ್ಬ ಮಗ ಸಿಯಾಟಲ್‌ನಲ್ಲಿ, ಮಗಳು ಮೈಸೂರಿನಲ್ಲಿ ಇದ್ದು ಇಬ್ಬರ ಅಭಿಪ್ರಾಯ ಎರಡಾದರೆ ಆಸ್ಪತ್ರೆಯ ಪಡಸಾಲೆಯಲ್ಲಿ ಪಂಚಾಯ್ತಿ ಆಗುತ್ತದೆ. ಹಣಕಾಸಿಗಂತೂ ಕೋರ್ಟಿನಿಂದ ಪಾಲಕರನ್ನು ನೇಮಿಸಿಕೊಳ್ಳಬೇಕಾಗಿ ಬರಬಹುದು. ಅದು ದುಬಾರಿ, ನಿಧಾನ.

ಊರಲ್ಲಿ ಆಸ್ತಿ ಇರುವವರು ಇದನ್ನು ಎರಡು ಸಲ ಓದಿ. ಜಯನಗರದ ಮನೆಗೋ ಶಿವಮೊಗ್ಗದ ತೋಟಕ್ಕೋ ಸಿಯಾಟಲ್‌ನಲ್ಲಿ ಮಾಡಿಸಿದ ಪವರ್ ಆಫ್ ಅಟಾರ್ನಿಯನ್ನು ನಂಬಿ ಕೂರುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರ ಮನಸ್ಸಿನ ಸ್ವಾಸ್ಥ್ಯ ತಪ್ಪಿದರೆ ಕೊಟ್ಟ ಅಧಿಕಾರವೂ ಕೊನೆಯಾಗುತ್ತದೆ. ಆಮೇಲೆ ಮಾರಬೇಕು, ಬಾಡಿಗೆ ಕರಾರು ಬದಲಿಸಬೇಕು ಎಂದರೆ ಹೈಕೋರ್ಟಿನವರೆಗೂ ಹೋಗಬೇಕಾಗಬಹುದು. ಖಾತೆಗೆ ನಾಮಿನಿ ಹೆಸರು, ಜಂಟಿ ಖಾತೆ, ಉಯಿಲು, ದಾನಪತ್ರ, ಯಾವುದೇ ಆಗಲಿ, ಅಪ್ಪ-ಅಮ್ಮ ತಾವೇ ತಿಳಿದು ತೀರ್ಮಾನಿಸುವ ಸ್ಥಿತಿಯಲ್ಲಿರುವಾಗಲೇ ಊರಿನ ವಕೀಲರ ಜೊತೆ ಕೂತು ಮುಗಿಸಿ. ಅವರ ಇಷ್ಟವನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳಲು ಸಾಧ್ಯವಿರುವುದೂ ಈಗ ಮಾತ್ರ.

ವೀಸಾ, ಗ್ರೀನ್ ಕಾರ್ಡ್, ಪೌರತ್ವ

ಯಾವ ನೆರವು ಸಿಗುತ್ತದೆ ಎಂಬುದನ್ನು ಕಾಯಿಲೆಯಷ್ಟೇ ಈ ಕಾಗದಗಳೂ ನಿರ್ಧರಿಸುತ್ತವೆ.

ಪ್ರವಾಸಿ ವೀಸಾದಲ್ಲಿ ಬಂದ ತಂದೆ-ತಾಯಿಗೆ ಮೆಡಿಕೇರ್ (ಹಿರಿಯರ ಸರ್ಕಾರಿ ವಿಮೆ), ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಯಾವುದೂ ಇಲ್ಲ. ಪ್ರವಾಸಿ ವಿಮೆಗಳು ಹಳೆಯ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಇಂಥವರಿಗೆ ದೀರ್ಘ ಆರೈಕೆಯ ಯೋಚನೆಯನ್ನು ಊರಿನಲ್ಲೇ ಮಾಡುವುದು ಒಳಿತೆಂಬುದು ನನ್ನ ಅಭಿಪ್ರಾಯ.

ಗ್ರೀನ್ ಕಾರ್ಡ್ ಪಡೆದವರು ರಾಜ್ಯದ ಹೆಲ್ತ್‌ಪ್ಲಾನ್‌ಫೈಂಡರ್ ಮೂಲಕ ಆರೋಗ್ಯ ವಿಮೆ ಕೊಳ್ಳಬಹುದು. 65 ದಾಟಿ, ಇಲ್ಲಿ ಸತತ ಐದು ವರ್ಷ ನೆಲೆಸಿದ ಮೇಲೆ ಮೆಡಿಕೇರ್ ಸೇರಬಹುದು. ಆದರೆ ತಾವಾಗಲಿ ತಮ್ಮ ಸಂಗಾತಿಯಾಗಲಿ ಇಲ್ಲಿ ಹತ್ತು ವರ್ಷದಷ್ಟು ದುಡಿದಿರದಿದ್ದರೆ ಆಸ್ಪತ್ರೆ ಭಾಗಕ್ಕೂ ಕಂತು ಕಟ್ಟಬೇಕು. 2025ರಲ್ಲಿ ಆ ಪೂರ್ತಿ ಕಂತು ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್ ಇತ್ತು. ಮಕ್ಕಳು ಕಟ್ಟಿದ ತೆರಿಗೆ ತಂದೆ-ತಾಯಿಯ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟಾದ ಮೇಲೂ ಸ್ನಾನ ಮಾಡಿಸುವ, ಊಟ ಮಾಡಿಸುವ ದಿನನಿತ್ಯದ ದೀರ್ಘ ಆರೈಕೆಯ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲ.

ಒಂದು ಹೊಸ ಅನುಕೂಲವಿದೆ. 2024ರ ಜುಲೈನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ‘ಗೈಡ್’ ಎಂಬ ಎಂಟು ವರ್ಷದ ಪ್ರಯೋಗ ಆರಂಭಿಸಿತು. ಅದರಲ್ಲಿ ಸೇರಿದ ಆಸ್ಪತ್ರೆ-ಕ್ಲಿನಿಕ್‌ಗಳು ಡಿಮೆನ್ಷಿಯಾ ಇರುವ ಕುಟುಂಬಕ್ಕೆ ಒಬ್ಬ ಮಾರ್ಗದರ್ಶಕರನ್ನು, ಹಗಲು-ರಾತ್ರಿ ಕರೆ ಮಾಡಬಹುದಾದ ಸಂಖ್ಯೆಯನ್ನು ಕೊಡುತ್ತವೆ. ಅರ್ಹರಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ ಬದಲಿ ಆರೈಕೆಯ ಸೌಲಭ್ಯವೂ ಇದೆ. ಇದು ಸಾಂಪ್ರದಾಯಿಕ ಮೆಡಿಕೇರ್‌ನ ಎರಡೂ ಭಾಗ ಇರುವವರಿಗೆ ಮಾತ್ರ, ಖಾಸಗಿ ಕಂಪನಿಗಳ ಮೆಡಿಕೇರ್ ಅಡ್ವಾಂಟೇಜ್ ತೆಗೆದುಕೊಂಡವರಿಗಿಲ್ಲ. ಟಿವಿ ಜಾಹೀರಾತು ನೋಡಿ ಯೋಜನೆ ಬದಲಿಸುವ ಮೊದಲು ಇದನ್ನು ನೆನೆಯಿರಿ.

ದೀರ್ಘ ಆರೈಕೆಯ ಖರ್ಚು ಭರಿಸುವುದು ಮೆಡಿಕೇಡ್. ಇಲ್ಲಿ ಅದಕ್ಕೆ ಆ್ಯಪಲ್ ಹೆಲ್ತ್ ಎಂದು ಹೆಸರು, ಆರೈಕೆಯ ಭಾಗವನ್ನು ನೋಡಿಕೊಳ್ಳುವುದು ರಾಜ್ಯದ ಸಾಮಾಜಿಕ ಮತ್ತು ಆರೋಗ್ಯ ಸೇವೆಗಳ ಡಿಎಸ್‌ಎಚ್‌ಎಸ್ ಇಲಾಖೆ. ಒಂಟಿ ವ್ಯಕ್ತಿಯ ಉಳಿತಾಯ ಸುಮಾರು 2,000 ಡಾಲರ್ ಒಳಗಿರಬೇಕೆಂಬ ಕಟ್ಟುನಿಟ್ಟಿದೆ, ಆದರೆ ದಂಪತಿಯಲ್ಲಿ ಆರೋಗ್ಯವಾಗಿರುವವರ ಪಾಲಿಗೆ ಹೆಚ್ಚಿನ ರಕ್ಷಣೆ ಉಂಟು. ಅರ್ಹತೆ ಸಿಕ್ಕಿದರೆ ಮಗ, ಮಗಳು, ಸೊಸೆಯೇ ಸಂಬಳ ಪಡೆಯುವ ಆರೈಕೆದಾರರಾಗಬಹುದು. 2022ರಿಂದ ಇಂಥವರನ್ನು ನೇಮಿಸಿಕೊಳ್ಳುವುದು ಕನ್ಸ್ಯೂಮರ್ ಡೈರೆಕ್ಟ್ ಎಂಬ ಸಂಸ್ಥೆ. ಆದರೆ ಅವರಿಗೆ ಈ ಕೆಲಸಕ್ಕೆ ಪರವಾನಗಿ ಇರಬೇಕು. ಎಚ್-1ಬಿ ಇರುವವರು, ಪರವಾನಗಿಯಿಲ್ಲದ ಎಚ್-4 ಇರುವವರು ಈ ಸಂಬಳ ಪಡೆಯುವಂತಿಲ್ಲ. ಉಳಿತಾಯ ಸ್ವಲ್ಪ ಹೆಚ್ಚಿದ್ದು ಮೆಡಿಕೇಡ್‌ಗೆ ಸಿಗದವರಿಗಾಗಿ 2017ರಲ್ಲಿ ಶುರುವಾದ ‘ಟೈಲರ್ಡ್ ಸಪೋರ್ಟ್ಸ್’ ಎಂಬ ಯೋಜನೆ ಬೇರೆ ಇದೆ. 55 ದಾಟಿದವರಿಗೆ ಇದು. ತೀರಿಕೊಂಡ ಮೇಲೆ ಸರ್ಕಾರ ಆಸ್ತಿಯಿಂದ ಖರ್ಚು ವಸೂಲಿ ಮಾಡಿಕೊಳ್ಳುವ ನಿಯಮ ಇದಕ್ಕಿಲ್ಲ. ಕೌಂಟಿಗೆ ಕರೆ ಮಾಡಿದಾಗ ಹೆಸರು ಹಿಡಿದೇ ಕೇಳಿ.

ಗ್ರೀನ್ ಕಾರ್ಡ್ ಹೊಂದಿದವರು ಮೆಡಿಕೇಡ್‌ಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಅದು ಮುಗಿದರೂ ಇನ್ನೊಂದು ತೊಡಕಿದೆ. ಅಪ್ಪ-ಅಮ್ಮನ ಗ್ರೀನ್ ಕಾರ್ಡಿಗಾಗಿ ನೀವು ಐ-864 ಪತ್ರಕ್ಕೆ ಸಹಿ ಹಾಕಿದ್ದೀರಿ, ಅವರ ಖರ್ಚಿಗೆ ನಾನು ಹೊಣೆ ಎಂದು. ಅದರ ದೆಸೆಯಿಂದ ನಿಮ್ಮ ಆದಾಯವನ್ನೂ ಅವರ ಲೆಕ್ಕಕ್ಕೆ ಸೇರಿಸಬಹುದು. ಅವರು ಇಲ್ಲಿನ ಪೌರರಾದಾಗ ಆ ಹೊಣೆ ಮುಗಿಯುತ್ತದೆ.

ಹಾಗಾಗಿ ಪೌರತ್ವದ ದಾರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮರೆವಿನ ಕಾಯಿಲೆ ಇರುವವರು ಇಂಗ್ಲಿಷ್ ಮತ್ತು ಅಮೆರಿಕದ ಇತಿಹಾಸದ ಪರೀಕ್ಷೆ ಹೇಗೆ ಬರೆದಾರು ಎಂದು ನಮ್ಮವರು ಕೈಬಿಡುತ್ತಾರೆ. ಬಿಡಬೇಕಾಗಿಲ್ಲ. ಎನ್-648 ಎಂಬ ನಮೂನೆ ಇದಕ್ಕಾಗಿಯೇ ಇದೆ. ಅಮೆರಿಕದಲ್ಲಿ ಪರವಾನಗಿ ಇರುವ ವೈದ್ಯರು ಅಥವಾ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ಈ ಕಾಯಿಲೆಯಿಂದ ಇವರಿಗೆ ಹೊಸದನ್ನು ಕಲಿತು ನೆನಪಿಟ್ಟುಕೊಳ್ಳಲು ಆಗುವುದಿಲ್ಲ ಎಂದು ಕಾರಣ ಸಹಿತ ಬರೆದುಕೊಟ್ಟರೆ ಎರಡೂ ಪರೀಕ್ಷೆಯಿಂದ ವಿನಾಯಿತಿ ಕೇಳಬಹುದು. ‘ಡಿಮೆನ್ಷಿಯಾ ಇದೆ’ ಎಂಬ ಒಂದೇ ಸಾಲು ಸಾಲದು. ಯಾವ ಪರೀಕ್ಷೆ ಮಾಡಿದೆವು, ಕಾಯಿಲೆ ಕಲಿಕೆಯನ್ನು ಹೇಗೆ ತಡೆಯುತ್ತದೆ ಎಂಬ ಕೊಂಡಿಯನ್ನು ವೈದ್ಯರು ಬಿಡಿಸಿ ಬರೆಯಬೇಕು. ಪ್ರಮಾಣವಚನದ ಅರ್ಥವೂ ತಿಳಿಯದ ಹಂತ ತಲುಪಿದವರಿಗೆ ಅದರಿಂದಲೂ ವಿನಾಯಿತಿ ಉಂಟು.

ಆರು ತಿಂಗಳು ಇಲ್ಲಿ, ಆರು ತಿಂಗಳು ಬೆಂಗಳೂರಿನಲ್ಲಿ ಎಂದು ಓಡಾಡುವವರು ಎಚ್ಚರ ವಹಿಸಬೇಕು. ಒಂದೇ ಪ್ರಯಾಣ ಆರು ತಿಂಗಳು ಮೀರಿದರೆ ‘ಸತತ ವಾಸ’ ಕಡಿದುಹೋಯಿತೆಂದು ಅಧಿಕಾರಿಗಳು ಭಾವಿಸಬಹುದು. ಐದು ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಇಲ್ಲಿ ಇದ್ದಿರಬೇಕು. ಪೌರತ್ವ ಪಡೆದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು, 2023ರಿಂದ ಸಿಯಾಟಲ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ. ಎಷ್ಟೋ ಹಿರಿಯರಿಗೆ ಆ ಪಾಸ್‌ಪೋರ್ಟ್ ಒಪ್ಪಿಸುವುದು ಕರುಳಿನ ಸಂಕಟ. ಒತ್ತಾಯ ಮಾಡದೆ ಅವರೊಡನೆ ಕೂತು ಮಾತಾಡಿ.

ಈ ವಲಸೆ ನಿಯಮಗಳು ಆಗಾಗ ಬದಲಾಗುತ್ತವೆ. ಪೌರತ್ವ ಸಿಗುವ ಮೊದಲು ಮೆಡಿಕೇಡ್‌ಗೆ ಅರ್ಜಿ ಹಾಕುವವರು ವಾಟ್ಸ್ಆ್ಯಪ್ ಗುಂಪಿನ ಮಾತು ನಂಬದೆ ವಲಸೆ ವಕೀಲರನ್ನು ಒಮ್ಮೆ ಕಾಣಲಿ. ಆದಾಯ ಕಡಿಮೆಯಿರುವವರಿಗೆ ನಾರ್ತ್‌ವೆಸ್ಟ್ ಇಮಿಗ್ರಂಟ್ ರೈಟ್ಸ್ ಪ್ರಾಜೆಕ್ಟ್ ನೆರವಾಗುತ್ತದೆ.

ನಿಮ್ಮ ಸಂಬಳದ ಚೀಟಿಯಲ್ಲಿರುವುದು

ವಾಷಿಂಗ್ಟನ್‌ನಲ್ಲಿ ದುಡಿಯುವ ಬಹುಪಾಲು ಜನರ ಸಂಬಳದಿಂದ 2023ರ ಜುಲೈನಿಂದ ನೂರಕ್ಕೆ 58 ಸೆಂಟ್ ‘ಡಬ್ಲ್ಯುಎ ಕೇರ್ಸ್’ ನಿಧಿಗೆ ಹೋಗುತ್ತಿದೆ. 2026ರ ಜುಲೈನಿಂದ ಸೌಲಭ್ಯ ಆರಂಭವೆಂದು ಗೊತ್ತುಮಾಡಲಾಗಿದೆ, ಮೊತ್ತ ಜೀವಮಾನಕ್ಕೆ 36,500 ಡಾಲರ್. ಇದು ಅಮ್ಮನಿಗೆ ಉಪಯೋಗಕ್ಕೆ ಬರುತ್ತದೆಂದು ನಂಬಿದವರಿದ್ದಾರೆ. ಬರುವುದಿಲ್ಲ. ಕಟ್ಟಿದವರಿಗೇ ಮುಂದೆ ಆರೈಕೆ ಬೇಕಾದಾಗ ಮಾತ್ರ ಅದು.

ಅಮ್ಮನಿಗಾಗಿ ಈಗಲೇ ಬಳಸಬಹುದಾದದ್ದು ರಾಜ್ಯದ ಸಂಬಳಸಹಿತ ಕುಟುಂಬ ರಜೆ. 820 ಗಂಟೆ ಕೆಲಸ ಮಾಡಿದವರಿಗೆ, ಗಂಭೀರ ಕಾಯಿಲೆ ಇರುವ ತಂದೆ-ತಾಯಿಯ ಆರೈಕೆಗೆ ವರ್ಷಕ್ಕೆ 12 ವಾರದವರೆಗೆ ಸಿಗುತ್ತದೆ. ಅತ್ತೆ-ಮಾವನಿಗೂ ಅನ್ವಯ. ಸಂಬಳದ ಒಂದು ಭಾಗವನ್ನು ರಾಜ್ಯದ ಉದ್ಯೋಗ ಭದ್ರತಾ ಇಲಾಖೆ ಕೊಡುತ್ತದೆ, ಅರ್ಜಿಯೂ ಅಲ್ಲಿಗೇ. ಒಟ್ಟಿಗೇ ತೆಗೆದುಕೊಳ್ಳಬೇಕೆಂದಿಲ್ಲ, ಬಿಡಿಬಿಡಿಯಾಗಿಯೂ ಆಗುತ್ತದೆ. ಗಂಡಸರು ಈ ರಜೆ ಹಾಕಲಿ.

ದಿನ ಕಳೆಯುವುದು

ಕಾಯಿಲೆ ಬಂದ ಮೇಲೂ ದಿನಗಳು ಇರುತ್ತವೆ, ಅವು ಖುಷಿಯಾಗಿಯೂ ಇರಬಹುದು. ಸಿಯಾಟಲ್‌ನ ಫಸ್ಟ್ ಹಿಲ್‌ನಲ್ಲಿ ಫ್ರೈ ಕಲಾ ಸಂಗ್ರಹಾಲಯದ ಆವರಣದಲ್ಲಿ 2022ರಿಂದ ‘ಮೆಮೊರಿ ಹಬ್’ ನಡೆಯುತ್ತಿದೆ, ಒಳಗೆ ಸುರಕ್ಷಿತವಾಗಿ ಅಡ್ಡಾಡಬಹುದಾದ ತೋಟವಿದೆ. ನಗರದ ಉದ್ಯಾನ ಇಲಾಖೆ ಡಿಮೆನ್ಷಿಯಾ ಇರುವವರಿಗೆಂದೇ ನಡಿಗೆ, ಕಲೆಯ ಕಾರ್ಯಕ್ರಮ ನಡೆಸುತ್ತದೆ. ಬಾತೆಲ್‌ನ ನಾರ್ತ್‌ಶೋರ್ ಹಿರಿಯರ ಕೇಂದ್ರ ನಮ್ಮವರಿಗೆ ಹತ್ತಿರ. ಇಂಡಿಯನ್ ಅಮೆರಿಕನ್ ಕಮ್ಯುನಿಟಿ ಸರ್ವೀಸಸ್ ಭಾರತೀಯ ಹಿರಿಯರನ್ನು ಒಟ್ಟುಗೂಡಿಸುತ್ತದೆ. ಸಹ್ಯಾದ್ರಿ ಕನ್ನಡ ಸಂಘದ ಹಬ್ಬಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಲು ನಾಚಬೇಡಿ. ಹೆಸರು ಮರೆತವರಿಗೂ ಹಾಡು ನೆನಪಿರುತ್ತದೆ. ಒಂದು ಮೂಲೆಯಲ್ಲಿ ಶಾಂತವಾದ ಕುರ್ಚಿ ಹಾಕಿಡುವಂತೆ ಸಂಘದವರನ್ನೂ ಕೇಳಬಹುದು.

ಹೊರಗಿನ ಆರೈಕೆದಾರರು ಮನೆಗೆ ಬರುವ ಮೊದಲು ಒಂದು ಹಾಳೆ ಬರೆದಿಡಿ. ಅಮ್ಮನನ್ನು ಏನೆಂದು ಕರೆಯಬೇಕು, ಈರುಳ್ಳಿ-ಮೊಟ್ಟೆ ತಿನ್ನುತ್ತಾರೋ ಇಲ್ಲವೋ, ಸ್ನಾನಕ್ಕೆ ಮೊದಲು ಪೂಜೆ ಮನೆಗೆ ಹೋಗುವುದಿಲ್ಲ, ಬಳೆ ತೆಗೆದರೆ ಸಿಟ್ಟಾಗುತ್ತಾರೆ. ನೀರು, ಊಟ, ನೋವು, ಬಚ್ಚಲು, ಸಾಕು, ಬನ್ನಿ ಎಂಬ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಈ ಹಾಳೆ ಆಸ್ಪತ್ರೆಗೆ ಸೇರಿಸಿದಾಗಲೂ ಬೇಕಾಗುತ್ತದೆ.

ಹಿರಿಯರು ಹೇಳದೆ ಮನೆಯಿಂದ ಹೊರಟುಹೋದರೆ ಕಾಯದೆ 911ಕ್ಕೆ ಕರೆ ಮಾಡಿ, ಡಿಮೆನ್ಷಿಯಾ ಇದೆ, ಇಂಗ್ಲಿಷ್ ಬರದು ಎಂದು ಮೊದಲ ವಾಕ್ಯದಲ್ಲೇ ಹೇಳಿ. ಇತ್ತೀಚಿನ ಫೋಟೊ ಫೋನಿನಲ್ಲಿರಲಿ. ನಡುರಾತ್ರಿ ಏನು ಮಾಡಬೇಕೆಂದು ತೋಚದಾಗ ಆಲ್ಝೈಮರ್ಸ್ ಅಸೋಸಿಯೇಷನ್‌ನ 1-800-272-3900 ಇದೆ. ಅದು ಸರ್ಕಾರದ್ದಲ್ಲ, ಆದರೆ ದಿನದ 24 ಗಂಟೆಯೂ ಜನ ಸಿಗುತ್ತಾರೆ, ದುಭಾಷಿಯೂ ಸಿಗುತ್ತಾರೆ.

ಮನೆಯಲ್ಲಿ ಆಗದಿದ್ದಾಗ

ಅಂಥ ದಿನ ಬಂದರೆ ಅದು ಸೋಲಲ್ಲ. ದೊಡ್ಡ ಮೆಮೊರಿ ಕೇರ್ ಕಟ್ಟಡಗಳಿಗಿಂತ ಇಲ್ಲಿನ ‘ಅಡಲ್ಟ್ ಫ್ಯಾಮಿಲಿ ಹೋಮ್’ಗಳನ್ನು ಮೊದಲು ನೋಡಿ ಎಂಬುದು ನನ್ನ ಸಲಹೆ. ವಸತಿ ಬಡಾವಣೆಯ ಮನೆಯಲ್ಲೇ ಸಾಮಾನ್ಯವಾಗಿ ಆರು ಜನರವರೆಗೆ ಇಟ್ಟುಕೊಂಡು ನೋಡಿಕೊಳ್ಳುವ, ರಾಜ್ಯದ ಪರವಾನಗಿ ಪಡೆದ ವ್ಯವಸ್ಥೆ ಇದು. ಚಿಕ್ಕ ಮನೆಯಾದ್ದರಿಂದ ಸಾರು-ಅನ್ನದ ಏರ್ಪಾಡಿಗೆ ಮಾತಾಡಿ ಒಪ್ಪಿಸಬಹುದು. ಪ್ರತಿ ಮನೆಯ ತಪಾಸಣಾ ವರದಿಯೂ ಡಿಎಸ್‌ಎಚ್‌ಎಸ್ ಜಾಲತಾಣದಲ್ಲಿ ಸಿಗುತ್ತದೆ. ಓದದೆ ಮುಂಗಡ ಕೊಡಬೇಡಿ. ಡಿಮೆನ್ಷಿಯಾ ಆರೈಕೆಯ ವಿಶೇಷ ತರಬೇತಿ ಪಡೆದಿದ್ದಾರೆಯೇ, ದುಡ್ಡು ಮುಗಿದ ಮೇಲೆ ಮೆಡಿಕೇಡ್ ಒಪ್ಪುತ್ತಾರೆಯೇ ಎಂದು ಬರೆಸಿಕೊಳ್ಳಿ.

ಊರಿಗೆ ಕರೆದೊಯ್ಯುವುದೂ ಒಂದು ದಾರಿ. ಭಾರತದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ, ಅಲ್ಲೂ ಏರ್ಪಾಡು ಬೆಳೆಯುತ್ತಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಕೇಂದ್ರವಿದೆ, ಡಿಮೆನ್ಷಿಯಾಗಾಗಿಯೇ ದುಡಿಯುವ ಎಆರ್‌ಡಿಎಸ್‌ಐ ಸಂಸ್ಥೆಯ ಶಾಖೆ ಇದೆ. 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲೂ ಚಿಕಿತ್ಸಾಲಯಗಳು ತೆರೆದಿವೆ. ಹಿರಿಯರ ಸಹಾಯವಾಣಿ 14567. ಸುತ್ತ ಕನ್ನಡವೇ ಕೇಳಿಸುತ್ತಿದ್ದರೆ ಕೆಲವರು ಎಷ್ಟೋ ನಿರಾಳವಾಗುತ್ತಾರೆ. ಹಾಗೆ ಹೊರಡುವವರು ಟಿಕೆಟ್ ತೆಗೆಸುವ ಮೊದಲು ಇಲ್ಲಿನ ವೈದ್ಯಕೀಯ ದಾಖಲೆ, ಸ್ಕ್ಯಾನ್, ಔಷಧದ ಪಟ್ಟಿ ತೆಗೆದುಕೊಳ್ಳಲಿ. ಗ್ರೀನ್ ಕಾರ್ಡ್ ಇರುವವರು ವರ್ಷಕ್ಕಿಂತ ಹೆಚ್ಚು ಹೊರಗಿರುವುದಾದರೆ ಮರುಪ್ರವೇಶ ಪರವಾನಗಿಗೆ ಇಲ್ಲಿರುವಾಗಲೇ ಅರ್ಜಿ ಹಾಕಬೇಕು, ವಿಮಾನ ಹತ್ತಿದ ಮೇಲೆ ಹಾಕಲಾಗದು.